ಜುಲೈನಲ್ಲಿ ಫೋನ್ ಎತ್ತಿದವಳು

ಜುಲೈ ಎಂಟು, ಸೋಮವಾರ. ಬೆಳಗ್ಗೆ ಒಂಬತ್ತಕ್ಕೆ ಇಡೀ ಸಾರಿಲಂಪಿ ಊರಲ್ಲಿ ಆಫೀಸಿನ ಕುರ್ಚಿ ಮೇಲೆ ಕೂತಿದ್ದ ನರಪಿಳ್ಳೆ ಅಂದರೆ ತೂಲಿಕ್ಕಿ ಮೊಯ್ಲಾನೆನ್ ಒಬ್ಬಳೇ. ಅವಳೂ ಕೆಲಸಕ್ಕೆ ಬಂದವಳಲ್ಲ, ಮರೆತುಬಿಟ್ಟಿದ್ದ ಕನ್ನಡಕ ತಗೊಂಡು ಹೋಗೋಣ ಅಂತ ಬಂದವಳು. ಗಂಡ ತೌನೊ ಆಗಲೇ ಸರೋವರದ ದಡದ ಬೇಸಿಗೆ ಮನೆ ಸೇರಿ ಬಲೆ ಬಿಟ್ಟು ಕೂತಿದ್ದ. ಜುಲೈ ಪೂರ್ತಿ ಈ ದೇಶಕ್ಕೇ ರಜೆ. ಬ್ರೆಡ್ ಅಂಗಡಿಯ ಬಾಗಿಲಿಗೆ ಚೀಟಿ: ಇನ್ನು ಆಗಸ್ಟ್ ಐದಕ್ಕೆ. ಹಲ್ಲಿನ ಡಾಕ್ಟರ ಬಾಗಿಲಿಗೂ ಅದೇ ಚೀಟಿ. ಜುಲೈ ತಿಂಗಳಲ್ಲಿ ಹಲ್ಲು ನೋಯಿಸಿಕೊಳ್ಳುವಷ್ಟು ಬುದ್ಧಿಗೇಡಿಗಳು ಈ ಕಡೆ ಹುಟ್ಟಿಲ್ಲ.

ಕನ್ನಡಕ ಸಿಕ್ಕಿತು. ಸಿಕ್ಕಿದ್ದೇ ತಪ್ಪಾಯಿತು ನೋಡಿ. ಸುಮ್ಮನೆ ಹೋಗುವುದು ಬಿಟ್ಟು ಅದನ್ನು ಮೂಗಿಗೇರಿಸಿ ಕಂಪ್ಯೂಟರಿನಲ್ಲಿ ಒಂದು ಸಲ ಇಣುಕಿದಳು. ಕೆನಡಾದಿಂದ ಪತ್ರ ಬಂದಿತ್ತು.

‘ಜೂನ್ ಇಪ್ಪತ್ತರಿಂದ ಇದು ನನ್ನ ನಾಲ್ಕನೆಯ ಪತ್ರ. ಹಿಂದಿನ ಮೂರಕ್ಕೂ ಉತ್ತರವಿಲ್ಲ. ನಮ್ಮ ಜೊತೆ ವ್ಯವಹಾರ ನಿಮಗೆ ಬೇಡವಾಗಿದೆ ಎಂದು ತಿಳಿಯಬೇಕಾಗುತ್ತದೆ. ಬುಧವಾರದೊಳಗೆ ನಿಮ್ಮ ಯಂತ್ರ ಓಡುವುದನ್ನು ಕಣ್ಣಾರೆ ತೋರಿಸದಿದ್ದರೆ ನಲವತ್ತನ್ನೂ ಪೋಲೆಂಡಿನವರಿಂದ ತರಿಸಿಕೊಳ್ಳುತ್ತೇವೆ. ಸೊಲಾಂಜ್ ಜಿರಾರ್, ಕಾಡುಹಣ್ಣು ಬೆಳೆಗಾರರ ಸಹಕಾರ ಸಂಘ.’

ತೂಲಿಕ್ಕಿ ಎರಡು ಸಲ ಓದಿದಳು, ಔಲಿಸ್‌ನ ಹೆಸರಿಗೆ ಬಂದು ಬಿದ್ದಿದ್ದ ಹಿಂದಿನ ಮೂರನ್ನೂ ಹುಡುಕಿ ಓದಿದಳು. ಆಮೇಲೆ, ಆ ಖಾಲಿ ಆಫೀಸಿನಲ್ಲಿ, ಗೋಡೆಗೆ ಕೇಳುವ ಹಾಗೆ ಹೇಳಿದಳು: “ಔಲಿಸ್, ನಿನ್ನ ಮನೆ ಹಾಳಾಗ!”

ಔಲಿಸ್ ತೊಲೋನೆನ್ ಅಂದರೆ ಕಂಪನಿಯ ಯಜಮಾನ. ಕಂಪನಿ ಅಂದರೆ ಏನೋ ಅಂದುಕೊಳ್ಳಬೇಡಿ. ಔಲಿಸ್, ತೂಲಿಕ್ಕಿ, ಬೆಸುಗೆ ಹಾಕುವವರು ಇಬ್ಬರು, ಹಳೇ ಬಸ್ ಶೆಡ್ಡು ಒಂದು. ಹುಟ್ಟಿ ಎರಡು ವರ್ಷವೂ ತುಂಬಿಲ್ಲ. ಬಾಗಿಲ ಮೇಲೆ ಒಂದು ಬೋರ್ಡ್ ಕೂಡ ಇಲ್ಲ, ಆದರೆ ಯಂತ್ರದ ವಿವರದ ಹಾಳೆ ಮಾತ್ರ ನಾಲ್ಕು ಭಾಷೆಯಲ್ಲಿ ಅಚ್ಚಾಗಿದೆ. ಕಾಡಿನ ನೀಲಿ ಬ್ಲೂಬೆರಿಯನ್ನು ಕಿತ್ತು ತಂದ ಮೇಲೆ ಅದರ ಎಲೆ, ಕಡ್ಡಿ, ಹುಳ ಎಲ್ಲ ಬೇರೆ ಮಾಡಬೇಕಲ್ಲ, ಆ ಕೆಲಸದ ಯಂತ್ರ. ಮೇಲೆ ಸುರಿದರೆ ಗಾಳಿ ಎಲೆಯನ್ನು ಊದುತ್ತದೆ, ಉರುಳೆಗಳು ಕಡ್ಡಿಯನ್ನು ಎಳೆದುಕೊಳ್ಳುತ್ತವೆ, ಕೆಳಗೆ ಹಣ್ಣು ಮಾತ್ರ ಬೀಳುತ್ತದೆ. ಗಂಟೆಗೆ ಇನ್ನೂರು ಲೀಟರ್. ನಿಜಕ್ಕೂ ಒಳ್ಳೇ ಯಂತ್ರ.

ಊರವರು ಕೊಂಡದ್ದು ಮೂರು, ಅದರಲ್ಲೊಂದು ಔಲಿಸ್‌ನ ಭಾವನೇ ಕೊಂಡದ್ದು. ಉಳಿದವರೆಲ್ಲ ಬಂದರು, ನೋಡಿದರು, ‘ನಮ್ಮಜ್ಜಿಯ ಮರದ ತೊಟ್ಟಿ ಇದೆಯಲ್ಲ, ಸಾಕು’ ಅಂದು ಕಾಫಿ ಕುಡಿದು ಹೋದರು. ಇಳಿಜಾರು ಹಲಗೆಗೆ ತಂತಿ ಬಲೆ ಹೊಡೆದ ತೊಟ್ಟಿ ಅದು, ಮನೆಮನೆಯಲ್ಲೂ ಇರುತ್ತದೆ. ಹಿತ್ತಲ ಗಿಡ ಮದ್ದಲ್ಲ. ಇನ್ನೇನು ಮಾಡುವುದು? ಮನೆ ಮುಂದಿನ ಸಂತೆಯಲ್ಲಿ ಮಾರುವುದನ್ನು ಕಲಿಯುವ ಮೊದಲೇ ಕಂಪನಿ ಕಡಲು ದಾಟಬೇಕಾಯಿತು. ಬೇರೆ ಊರಿನ ವ್ಯಾಪಾರಿಗಳು ಮೂವತ್ತು ವರ್ಷಕ್ಕೆ ಮಾಡುವುದನ್ನು ಇವರು ಅಂಬೆಗಾಲಲ್ಲೇ ಮಾಡಲು ಹೊರಟರು.

ಹೋದ ಶರತ್ಕಾಲದಲ್ಲಿ ಜರ್ಮನಿಯ ಮೇಳಕ್ಕೆ ಯಂತ್ರ ಹೊತ್ತು ಹೋದಾಗ ಔಲಿಸ್ ಎರಡು ದಿನ ಅದರ ಪಕ್ಕ ಕಂಬದ ಹಾಗೆ ನಿಂತಿದ್ದ. ಬಾಯಿ ಬಿಟ್ಟರೆ ಕೇಳಿ. ಪಕ್ಕದ ಮಳಿಗೆಯವರು ಕರೆದು, ನಕ್ಕು, ಮಿಠಾಯಿ ಕೊಟ್ಟು ಮಾರುತ್ತಿದ್ದರು. “ನೀನೂ ಕರಿಯೋ ಮಾರಾಯ,” ಅಂತ ತೂಲಿಕ್ಕಿ ಅಂದರೆ “ಬೇಕಾದೋರು ಬರ್ತಾರೆ,” ಅಂದ. ಪುಣ್ಯಕ್ಕೆ ಸೊಲಾಂಜ್ ಬಂದಳು. ಗಿಡ್ಡ ಹೆಂಗಸು, ದೊಡ್ಡ ದನಿ. ತಾನೇ ಒಂದು ಹಿಡಿ ಕಸಕಡ್ಡಿ ಎತ್ತಿ ಯಂತ್ರಕ್ಕೆ ಹಾಕಿ ನೋಡಿ, ತೂಲಿಕ್ಕಿಯ ಕೈಗೆ ವಿಳಾಸದ ಚೀಟಿ ಕೊಟ್ಟು ಹೋದಳು. ಅಲ್ಲಿಂದ ಹುಟ್ಟಿದ್ದು ಈ ನಲವತ್ತು ಯಂತ್ರದ ಬೇಡಿಕೆ. ನಲವತ್ತೂ ಜೂನ್ ಕೊನೆಗೆ ಸಿದ್ಧವಾಗಿ, ಮರದ ಪೆಟ್ಟಿಗೆ ಸೇರಿ, ಶೆಡ್ಡಿನಲ್ಲಿ ಸಾಲಾಗಿ ನಿಂತಿದ್ದವು. ಗುರುವಾರ ಲಾರಿ, ಶನಿವಾರ ಹಡಗು. ಆಗಸ್ಟ್ ಮೊದಲ ವಾರ ಅಲ್ಲಿ ಹಣ್ಣು ಕೀಳಲು ಶುರು. ಈ ಹಡಗು ತಪ್ಪಿದರೆ ಆ ವರ್ಷದ ಸುಗ್ಗಿ ತಪ್ಪಿತು, ಕಂಪನಿಯ ಕಥೆಯೂ ಮುಗಿಯಿತು ಅಂತಲೇ ಅರ್ಥ.

ಕಂಪನಿ ಮುಗಿದರೆ ಔಲಿಸ್‌ಗೇನು, ಯಾವುದೋ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದು ಬದುಕಿಕೊಳ್ಳುತ್ತಾನೆ. ತೂಲಿಕ್ಕಿಗೆ ಐವತ್ತೆಂಟು. ಕಾಗದದ ಕಾರ್ಖಾನೆಯ ಸರಕು ವಿಭಾಗದಲ್ಲಿ ಇಪ್ಪತ್ತೇಳು ವರ್ಷ ಕೂತು ಹಡಗಿಗೆ, ರೈಲಿಗೆ ಉರುಳೆಗಟ್ಟಲೆ ಕಾಗದ ಹತ್ತಿಸಿದವಳು. ಕಾರ್ಖಾನೆ ಮುಚ್ಚಿದ ದಿನ ಗೋಡೆಗೊಂದು ಪಟ್ಟಿ ಅಂಟಿಸಿದರು. ಅದರಲ್ಲಿ ಅವಳ ಹೆಸರೂ ಇರಲಿಲ್ಲ, ನೌಕರಿಯ ನಂಬರು ಮಾತ್ರ ಇತ್ತು. ಆಮೇಲೆ ನಾಲ್ಕು ವರ್ಷ ಕೆಲಸ ಕೊಡಿಸುವ ಕಚೇರಿಗೆ ಅಲೆದಳು. ಅಲ್ಲಿನ ಹುಡುಗಿ ಪ್ರತಿ ಸಲ ನಗುನಗುತ್ತಾ ‘ಹೆಣಿಗೆ ತರಗತಿಗೆ ಸೇರ್ತೀರಾ?’ ಅಂತ ಕೇಳುತ್ತಿದ್ದಳು. ಒಬ್ಬರಿಗೂ ಬೇಡವಾಗುವುದು ಅಂದರೆ ಏನು ಅಂತ ತೂಲಿಕ್ಕಿಗೆ ಆ ನಾಲ್ಕು ವರ್ಷದಲ್ಲಿ ಗೊತ್ತಾಯಿತು. ಹಸಿವಿಗಿಂತ ಕೆಟ್ಟದ್ದು ಅದು, ಅವಳೇ ಹೇಳುತ್ತಾಳೆ. ಅಂಥ ಹೊತ್ತಲ್ಲಿ ಔಲಿಸ್ ಅವಳ ಅಡುಗೆಮನೆಗೆ ಬಂದು, ಏಲಕ್ಕಿ ಬನ್ ಎರಡು ತಿಂದು, ಕಾಲು ಗಂಟೆ ಸುಮ್ಮನೆ ಕೂತು, ಏಳುವಾಗ “ಸರಕು ಕಳಿಸೋಕೆ ಒಬ್ರು ಬೇಕು. ನೀನೇ ಸರಿ,” ಅಂದಿದ್ದ. ಅಷ್ಟೇ ಸಂದರ್ಶನ.

ಹಾಗಾಗಿ ಬೈದಳು, ಆದರೆ ಕಾರು ಹತ್ತಿದಳು. ಔಲಿಸ್‌ನ ಬೇಸಿಗೆ ಮನೆಗೆ ನಲವತ್ತು ಕಿಲೋಮೀಟರ್. ಫೋನ್ ಮಾಡಬಾರದಿತ್ತೇ ಅನ್ನಬೇಡಿ. ಜುಲೈ ಒಂದಕ್ಕೆ ಅವನು ಅದನ್ನು ಆರಿಸಿ ಕಾಫಿ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದರೆ ಮತ್ತೆ ತೆಗೆಯುವುದು ಆಗಸ್ಟ್‌ನಲ್ಲೇ. ಮನೆ ಇರುವುದು ದ್ವೀಪದಲ್ಲಿ. ದಡದಲ್ಲಿ ಯಾರದೋ ದೋಣಿ ಕಟ್ಟಿತ್ತು. ಬಿಚ್ಚಿ, ಸೊಳ್ಳೆ ಹೊಡೆಯುತ್ತಾ, ಹುಟ್ಟು ಹಾಕುತ್ತಾ ಹೋದಳು. ದ್ವೀಪದಲ್ಲಿ ಸೌನಾದ, ಅಂದರೆ ಹಬೆ ಸ್ನಾನದ ಮನೆಯ, ಚಿಮಣಿಯಿಂದ ಹೊಗೆ ಏಳುತ್ತಿತ್ತು. ಬೆಳಗ್ಗೆ ಹನ್ನೊಂದಕ್ಕೆ ಸೌನಾ! ತೂಲಿಕ್ಕಿಯ ಪಿತ್ತ ನೆತ್ತಿಗೇರಿತು.

“ಔಲಿಸ್!” ಬಾಗಿಲು ಗುದ್ದಿದಳು.

ಒಳಗೆ ಕಾದ ಕಲ್ಲಿನ ಮೇಲೆ ನೀರು ಚುಯ್ಯಂದಿತು. “ಯಾರು?”

“ನಿನ್ನ ಗ್ರಹಚಾರ. ಕೆನಡಾದ ಹೆಂಗಸಿಗೆ ಯಾಕೋ ಉತ್ತರ ಬರೀಲಿಲ್ಲ?”

“ಏನು ಕೇಳಿದ್ಲು?”

“ಸಣ್ಣ ಕಣ್ಣಿನ ಜರಡಿ ಜೊತೆಗೆ ಬರುತ್ತಾ ಅಂತ. ಮೂರು ಸಲ ಕೇಳಿದಾಳೆ!”

“ಬರುತ್ತೆ ಅಂತ ಮಾರ್ಚ್‌ನಲ್ಲೇ ಹೇಳಿದ್ನಲ್ಲ.”

“ಮತ್ತೆ ಕೇಳಿದಾಗ ಮತ್ತೆ ಹೇಳೋಕೆ ಏನಾಗಿತ್ತು?”

“ಏನೂ ಬದಲಾಗಿರಲಿಲ್ಲವಲ್ಲ,” ಅಂತ ಒಳಗಿನಿಂದ ನಿರುಮ್ಮಳವಾದ ದನಿ ಬಂತು. “ಬದಲಾಗಿದ್ರೆ ಬರೀತಿದ್ದೆ.”

ತೂಲಿಕ್ಕಿ ಹಣೆಯನ್ನು ಬಾಗಿಲಿಗೆ ಒತ್ತಿಕೊಂಡು ನಿಂತಳು. ಇವನೊಬ್ಬನೇ ಅಲ್ಲ, ಇಲ್ಲಿ ಎಲ್ಲರೂ ಹೀಗೇ. ತೌನೊ ಮೂವತ್ತು ವರ್ಷದಿಂದ ‘ಸಾರು ಹೇಗಿದೆ’ ಅಂದರೆ ತಟ್ಟೆ ತೋರಿಸುತ್ತಾನೆ, ಖಾಲಿ ಇದ್ದರೆ ಚೆನ್ನಾಗಿದೆ ಅಂತ ಅರ್ಥ ಮಾಡಿಕೊಳ್ಳಬೇಕು. ಇಲ್ಲಿ ಒಬ್ಬ ಸುಮ್ಮನಿದ್ದಾನೆ ಅಂದರೆ ಎಲ್ಲ ಸರಿಯಾಗಿದೆ ಅಂತ. ಕಡಲಾಚೆ ಸುಮ್ಮನಿದ್ದಾನೆ ಅಂದರೆ ಓಡಿಹೋದ ಅಂತ. ಈ ಗಂಡಸಿಗೆ ಅದನ್ನು ಯಾರು ಹೇಳುವುದು, ಅದೂ ಸೌನಾ ಬಾಗಿಲ ಸಂದಿಯಿಂದ!

“ಈಗ ಹೊರಡು,” ಅಂದಳು. “ನಾಳೆ ಯಂತ್ರ ಓಡಿಸಿ ತೋರಿಸ್ಬೇಕು.”

“ರಜೆ ತೂಲಿಕ್ಕಿ. ಜುಲೈ ಇದು.”

“ಅವಳ ಊರಲ್ಲೂ ಜುಲೈಯೇ! ಅಲ್ಲಿ ಜನ ಫೋನ್ ಎತ್ತುತ್ತಾರೆ!”

“ಪಾಪ,” ಅಂದ ಔಲಿಸ್. ಅವನ ದನಿಯಲ್ಲಿ ನಿಜವಾದ ಮರುಕವಿತ್ತು. ಮತ್ತೆ ಕಲ್ಲಿಗೆ ನೀರು ಬಿತ್ತು.

ಹಡಗು, ಲಾರಿ, ಕಂಪನಿ, ತನ್ನ ಕೆಲಸ, ಎಲ್ಲ ಹೇಳಿ ನೋಡಿದಳು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಕೊನೆಗೆ ಸೋತು, ಹೊಸ್ತಿಲ ಮೇಲೆ ಕುಸಿದು ಕೂತು, “ಹಾಳಾಗಿ ಹೋಗು. ನಿನ್ನ ಯಂತ್ರ ಓಡೋದೇ ಇಲ್ಲ, ಅದಕ್ಕೇ ತೋರಿಸ್ತಿಲ್ಲ ಅಂತ ಅಂದ್ಕೊಂಡಿದಾಳೆ ಆಯಮ್ಮ,” ಅಂದಳು.

ಬಾಗಿಲು ದಡಾರನೆ ತೆರೆಯಿತು. ಕೆಂಪಗೆ ಬೆಂದ ಔಲಿಸ್, ಸೊಂಟಕ್ಕೊಂದು ಟವೆಲ್, ಕೈಯಲ್ಲಿ ಮೈಗೆ ಬಡಿದುಕೊಳ್ಳುವ ಬರ್ಚ್ ಸೊಪ್ಪಿನ ಕಟ್ಟು. “ಓಡಲ್ಲ ಅಂದ್ಲಾ?”

“ಅಂದ್ಲು.” ಅಂದಿರಲಿಲ್ಲ. ಇಪ್ಪತ್ತೇಳು ವರ್ಷದ ನೌಕರಿಯಲ್ಲಿ ತೂಲಿಕ್ಕಿ ಒಮ್ಮೆಯೂ ಹೇಳದಿದ್ದಂಥ ಸುಳ್ಳು ಅದು.

“ಪ್ಯಾಂಟ್ ಹಾಕ್ಕೊಂಡು ಬರ್ತೀನಿ,” ಅಂದ.

ಕಾರಿನಲ್ಲಿ ನಲವತ್ತು ಕಿಲೋಮೀಟರ್ ಪೂರ್ತಿ ಅವನು ಆಡಿದ್ದು ಒಂದೇ ಮಾತು: “ಹಣ್ಣಿಗೇನು ಮಾಡ್ತೀಯ?”

ಅದು ಅವಳ ತಲೆಗೆ ಹೊಳೆದೇ ಇರಲಿಲ್ಲ. ಕಾಡಿನಲ್ಲಿ ಹಣ್ಣು ಇನ್ನೂ ಹಸಿರುಗಾಯಿ, ಮಾಗಲು ಎರಡು ವಾರ ಬೇಕು. ಹಣ್ಣು ಇದ್ದದ್ದು ಎಲ್ಲಿ? ಅವಳ ಮನೆಯ ಫ್ರೀಜರಿನಲ್ಲಿ. ಹೋದ ವರ್ಷ ಬೆನ್ನು ಬಗ್ಗಿಸಿ ಕಿತ್ತು, ಒಂದೊಂದೇ ಎಲೆ ಆರಿಸಿ ತೆಗೆದಿಟ್ಟ ಹತ್ತು ಲೀಟರ್. ಆಗ ಕಂಪನಿಯಲ್ಲಿ ಇದ್ದ ಯಂತ್ರವೆಲ್ಲ ಜರ್ಮನಿಯ ಮೇಳಕ್ಕೆಂದು ಪೆಟ್ಟಿಗೆ ಸೇರಿದ್ದವು, ಅವಳು ಕೈಯಲ್ಲೇ ಆರಿಸಿದ್ದಳು. ಅದರಲ್ಲಿ ಈಗ ಹುಡುಕಿದರೂ ಒಂದು ಎಲೆ ಸಿಗಲಿಕ್ಕಿಲ್ಲ. ಎಲೆಯೇ ಇಲ್ಲದ ಹಣ್ಣನ್ನು ಯಂತ್ರಕ್ಕೆ ಹಾಕಿ ಏನು ತೋರಿಸುವುದು?

ಮಾರನೆಯ ದಿನ ಮಧ್ಯಾಹ್ನ ಶೆಡ್ಡಿನ ಹಿಂದಿನ ಪೊದೆಯಲ್ಲಿ ಐವತ್ತೆಂಟು ವರ್ಷದ ತೂಲಿಕ್ಕಿ ಕುಕ್ಕರುಗಾಲಲ್ಲಿ ಕೂತು ಎಲೆ, ಕಡ್ಡಿ, ಪಾಚಿ ಬಾಚಿ ಬಾಚಿ ತನ್ನದೇ ಶುದ್ಧ ಹಣ್ಣಿನ ಬಕೆಟ್ಟಿಗೆ ಬೆರೆಸಿದಳು. ಮಾಡಿದ್ದುಣ್ಣೋ ಮಹರಾಯ ಅಂತಾರೆ. ಇಲ್ಲಿ ಮಾಡಿದವನು ಔಲಿಸ್, ಉಣ್ಣುವವಳು ಇವಳು. ಕಲಸುತ್ತಾ ಕಲಸುತ್ತಾ ಅವಳ ಕಣ್ಣಲ್ಲಿ ನೀರು ಬಂತು, ಸಿಟ್ಟಿನಿಂದ.

“ಒಳಗೆ ಹೋದ್ಮೇಲೆ ಬಾಯಿ ಬಿಡ್ಬೇಡ,” ಅಂತ ಔಲಿಸ್‌ಗೆ ಹೇಳಿದಳು. “ನೀನು ಗುಂಡಿ ಒತ್ತು, ನಾನು ಮಾತಾಡ್ತೀನಿ. ಇಷ್ಟು ದಿನ ಬಾಯಿ ಮುಚ್ಕೊಂಡಿದ್ಯಲ್ಲ, ಇನ್ನೊಂದು ಗಂಟೆ ಮುಚ್ಕೋ.”

ಮೂರು ಗಂಟೆಗೆ, ಅಂದರೆ ಕೆನಡಾದ ಬೆಳಗ್ಗೆ ಎಂಟಕ್ಕೆ, ಕಂಪ್ಯೂಟರಿನ ಪರದೆ ಮೇಲೆ ಸೊಲಾಂಜ್ ಕಾಣಿಸಿಕೊಂಡಳು. ಮುಖ ಬಿಗಿದಿತ್ತು. “ಬದುಕಿದೀರಾ? ಊರೇ ಮುಳುಗಿಹೋಯ್ತೇನೋ ಅಂದ್ಕೊಂಡಿದ್ದೆ.”

“ಕ್ಷಮಿಸಿ ತಾಯಿ, ನೋಡಿ ಈಗ,” ಅಂದಳು ತೂಲಿಕ್ಕಿ.

ಪೆಟ್ಟಿಗೆ ಸೇರದೆ ಹೊರಗಿದ್ದ ನಲವತ್ತೊಂದನೆಯ ಯಂತ್ರ, ಔಲಿಸ್ ಪ್ರಯೋಗಕ್ಕೆ ಇಟ್ಟುಕೊಂಡಿದ್ದದ್ದು, ಗುಂಯ್ ಅಂತ ಶುರುವಾಯಿತು. ಹಣ್ಣು ಸುರಿದರು. ಎಲೆ ಹಾರಿತು, ಕಡ್ಡಿ ಹೋಯಿತು, ಕೆಳಗಿನ ಬುಟ್ಟಿಗೆ ನೀಲಿ ನೀಲಿ ಹಣ್ಣು ಟಪಟಪ ಉದುರಿತು. ಸೊಲಾಂಜ್ ಪರದೆಗೆ ಮೂಗು ತಾಗುವಷ್ಟು ಬಾಗಿ ನೋಡಿದಳು. ಮುಖ ಸಡಿಲವಾಗುತ್ತಾ ಬಂತು.

“ತುಂಬಾ ಚೆನ್ನಾಗಿದೆ! ಈಗಷ್ಟೇ ಕಿತ್ತಿದ್ದಾ ಹಣ್ಣು?”

ತೂಲಿಕ್ಕಿ ಬಾಯಿ ತೆರೆಯುವಷ್ಟರಲ್ಲಿ, ಜರ್ಮನಿಯ ಮೇಳದಲ್ಲೂ ತುಟಿ ಬಿಚ್ಚದಿದ್ದ ಮಹಾನುಭಾವ ಬಿಚ್ಚಿದ. “ಇಲ್ಲ. ಹೋದ ವರ್ಷದ್ದು. ಎಲೆ ನಾವೇ ಬೆರೆಸಿದ್ದು. ಫ್ರೀಜರಿಂದು ಗಟ್ಟಿ ಇರುತ್ತೆ, ಸುಲಭ. ಆಗತಾನೆ ಕಿತ್ತ ಹಣ್ಣು ಸ್ವಲ್ಪ ಜಜ್ಜಿಹೋಗುತ್ತೆ. ನೂರಕ್ಕೆ ಎರಡು.”

ತೂಲಿಕ್ಕಿ ಮೇಜಿನ ಕೆಳಗೆ ಅವನ ಕಾಲು ತುಳಿದಳು. ಅವನು ಕಾಲು ಎಳೆದುಕೊಂಡು ಮುಂದುವರಿಸಿದ.

“ಉರುಳೆ ತಿರುಗಿಸೋ ಬೆಲ್ಟ್ ಕಿತ್ತು ಬರುತ್ತೆ. ಮುನ್ನೂರು ಗಂಟೆ ಆದ್ಮೇಲೆ. ಭಾವನ ಯಂತ್ರದ್ದು ಬಂದಿತ್ತು. ವಿವರದ ಹಾಳೆಯಲ್ಲಿ ಐನೂರು ಅಂತ ಇದೆ. ಅದು ತಪ್ಪು. ಮುನ್ನೂರು.”

ಹೋಯಿತು, ಅಂದುಕೊಂಡಳು ತೂಲಿಕ್ಕಿ. ಮುಗಿಯಿತು, ಹೆಣಿಗೆ ತರಗತಿಗೆ ಹೆಸರು ಬರೆಸುವುದೇ. ಇವನನ್ನು ಕತ್ತು ಹಿಸುಕಿ ಸರೋವರಕ್ಕೆ ಎಸೆದರೂ ಪಾಪ ಬರುವುದಿಲ್ಲ. ಕೇಳಿದ್ದಕ್ಕೆ ಮೂರು ವಾರ ಉತ್ತರ ಕೊಡದವನು, ಕೇಳದೇ ಇದ್ದದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದಾನಲ್ಲ!

ಸೊಲಾಂಜ್ ಪರದೆಯಿಂದ ಹಿಂದೆ ಸರಿದು ಕೂತಳು. ಆಮೇಲೆ, “ಪೋಲೆಂಡಿನೋರು ಅವರದ್ದು ಕೆಡೋದೇ ಇಲ್ಲ ಅಂದ್ರು,” ಅಂದಳು.

“ಎಲ್ಲಾ ಕೆಡುತ್ತೆ,” ಅಂದ ಔಲಿಸ್.

“ಸರಿ. ಕೆಟ್ಟಾಗ? ನಮ್ಮ ಸುಗ್ಗಿ ಐದು ವಾರ. ಒಂದು ದಿನ ನಿಂತರೆ ಹಣ್ಣು ಕೊಳೆಯುತ್ತೆ. ಆವತ್ತು ನಾನು ಫೋನ್ ಮಾಡಿದ್ರೆ ಎತ್ತೋರು ಯಾರು?”

ಔಲಿಸ್ ಮೆಲ್ಲಗೆ ತಿರುಗಿ ತೂಲಿಕ್ಕಿಯ ಮುಖ ನೋಡಿದ.

“ನಾನು,” ಅಂದಳು ತೂಲಿಕ್ಕಿ.

“ಭಾನುವಾರ?”

“ಎತ್ತುತ್ತೀನಿ.”

“ಜುಲೈನಲ್ಲಿ? ಈ ವರ್ಷ ಮಾತ್ರ ಅಲ್ಲ. ಮುಂದಿನ ವರ್ಷ ಯಂತ್ರ ಸಿದ್ಧ ಮಾಡ್ಕೊಳೋದು ನಾವು ಜುಲೈನಲ್ಲೇ. ಅದರಾಚೆ ವರ್ಷನೂ.”

ಕಾರ್ಖಾನೆಯ ಇಪ್ಪತ್ತೇಳು ವರ್ಷದಲ್ಲಿ ತೂಲಿಕ್ಕಿಗೆ ಹನ್ನೊಂದು ತಿಂಗಳು ಕಾರ್ಖಾನೆಯದ್ದು, ಜುಲೈ ತನ್ನದು. ದೋಣಿಕಟ್ಟೆಯ ಮೇಲೆ ಕಾಲು ನೀರಿಗೆ ಬಿಟ್ಟು, ಯಾರೂ ಕರೆಯದೆ, ಯಾರಿಗೂ ಓಗೊಡದೆ ಕೂರುವ ತಿಂಗಳು. ಕೆಲಸವಿಲ್ಲದ ಆ ನಾಲ್ಕು ವರ್ಷ ಮಾತ್ರ ಜುಲೈಗೂ ರುಚಿ ಇರಲಿಲ್ಲ, ಎಲ್ಲ ತಿಂಗಳೂ ಯಾರೂ ಕರೆಯುತ್ತಿರಲಿಲ್ಲವಲ್ಲ.

“ಜುಲೈನಲ್ಲೂ ಎತ್ತುತ್ತೀನಿ,” ಅಂದಳು.

“ಹಾಗಾದರೆ ಕರಾರಿನಲ್ಲಿ ಬರೀರಿ. ಕಂಪನಿ ಹೆಸರಲ್ಲ, ನಿಮ್ಮ ಹೆಸರು, ನಿಮ್ಮ ನಂಬರು. ಆಮೇಲೆ ಬೆಲ್ಟ್ ಮುನ್ನೂರು ಗಂಟೆಗೇ ಕಿತ್ತು ಬರೋದಾದ್ರೆ, ಈಗ ಓಡ್ತಾ ಇದೆಯಲ್ಲ ಅದೂ ಬೇಕು. ಒಂದು ಕೆಟ್ಟರೆ ಬದಲಿಗೆ. ಒಟ್ಟು ನಲವತ್ತೊಂದು ಹತ್ತಿಸಿ.”

ಪರದೆ ಆರಿತು. ಔಲಿಸ್ ಎದ್ದು, ಯಂತ್ರ ಒರೆಸಿ, ಹಲಗೆ ತಂದು ನಲವತ್ತೊಂದನೆಯ ಪೆಟ್ಟಿಗೆ ಹೊಡೆಯಲು ಶುರು ಮಾಡಿದ. ಶಹಭಾಸ್ ಅನ್ನಲಿಲ್ಲ, ಬದುಕಿಕೊಂಡೆವು ಅನ್ನಲಿಲ್ಲ. ತೂಲಿಕ್ಕಿ ಕರಾರಿನಲ್ಲಿ ತನ್ನ ಹೆಸರನ್ನು ಪೂರ್ತಿಯಾಗಿ ಅಚ್ಚು ಮಾಡಿ, ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಆಮೇಲೆ ಬುಟ್ಟಿ ನೋಡಿದಳು. ಕರಗಿದ ಹಣ್ಣು ಮುದ್ದೆಯಾಗಿತ್ತು. ಹತ್ತು ಲೀಟರೂ ಕಡುಬಿಗೂ ಆಗದು, ಹೋಳಿಗೆಗೂ ಆಗದು.

ಗುರುವಾರ ಲಾರಿ ಬಂತು, ಹೋಯಿತು. ಔಲಿಸ್ ದ್ವೀಪಕ್ಕೆ ಮರಳಿದ. ತೂಲಿಕ್ಕಿಯೂ ಬೇಸಿಗೆ ಮನೆ ಸೇರಿದಳು, ಫೋನ್ ಸಮೇತ. ಊಟದ ಮೇಜಿನ ಮೇಲೆ ಅದನ್ನು ಕಂಡ ತೌನೊ, ಸತ್ತ ಇಲಿ ಕಂಡವನ ಹಾಗೆ ಕುರ್ಚಿ ಹಿಂದಕ್ಕೆ ಎಳೆದ. “ಇಲ್ಲೂನಾ?”

“ಇಲ್ಲೂ. ಮಾತಾಡಬೇಡ.”

ಮಾತಾಡಲಿಲ್ಲ, ಎರಡು ದಿನ. ಅಲ್ಲಿ ಸಿಗ್ನಲ್ ಸಿಗುವುದು ದೋಣಿಕಟ್ಟೆಯ ತುದಿಯಲ್ಲಿ ಮಾತ್ರ, ಆದ್ದರಿಂದ ತೂಲಿಕ್ಕಿ ಹಗಲೆಲ್ಲ ಸೊಳ್ಳೆ ಹೊಡೆಯುತ್ತಾ ಅಲ್ಲೇ ಕೂತಳು. ಹಡಗು ಎಲ್ಲಿ ಬಂತು, ಯಾವ ಬಂದರು, ಕಾಗದಪತ್ರ ಸರಿಯಿದೆಯಾ, ಸೊಲಾಂಜ್ ದಿನಕ್ಕೊಂದು ಸಲ ಕರೆದಳು, ಒಮ್ಮೊಮ್ಮೆ ಎರಡು ಸಲ.

ಆಗಸ್ಟ್ ನಾಲ್ಕು, ಭಾನುವಾರ, ರಜೆಯ ಕೊನೆ ದಿನ. ಮಧ್ಯಾಹ್ನ ಔಲಿಸ್ ದೋಣಿಯಲ್ಲಿ ಬಂದು ಕಟ್ಟೆಯ ಮೇಲೆ ಎರಡು ಬಕೆಟ್ ಇಟ್ಟ. ಎರಡರ ತುಂಬ ಹೊಸ ಹಣ್ಣು. ಅವನ ಕೈ ತೊಗಟೆಯ ಹಾಗೆ ಬಿರಿದಿತ್ತು, ಎರಡು ದಿನ ಕಾಡಲ್ಲಿ ಬಗ್ಗಿರಬೇಕು.

“ನಿಂದು ಹತ್ತು ಲೀಟರ್ ಹೋಗಿತ್ತಲ್ಲ. ಇದು ಇಪ್ಪತ್ತು,” ಅಂದ.

ತೂಲಿಕ್ಕಿಯ ಮನಸ್ಸು ಕರಗಿತು, ನಿಜ ಹೇಳಬೇಕು. ಬಕೆಟ್ಟಿಗೆ ಕೈ ಹಾಕಿದಳು. ಅರ್ಧಕ್ಕರ್ಧ ಎಲೆ, ಕಡ್ಡಿ, ಜೊತೆಗೊಂದು ಬಸವನಹುಳ.

“ಇದೇನೋ, ಆರಿಸೇ ಇಲ್ಲ?”

“ಯಂತ್ರ ಎಲ್ಲಿದೆ? ಇದ್ದಬದ್ದದ್ದೆಲ್ಲ ನೀನೇ ಕಳಿಸಿದ್ಯಲ್ಲ. ಭಾವನ ಯಂತ್ರದ ಬೆಲ್ಟ್ ಮತ್ತೆ ಕಿತ್ತಿದೆ.” ಔಲಿಸ್ ದೋಣಿ ತಳ್ಳಿದ. “ನಿಮ್ಮಜ್ಜಿ ತೊಟ್ಟಿ ಇರಬೇಕಲ್ಲ.”

ಅಜ್ಜಿಯ ತೊಟ್ಟಿ! ಹಣ್ಣು ಆರಿಸುವ ಯಂತ್ರ ಮಾಡುವವರ ಮನೆಯಲ್ಲಿ ಅದೊಂದು ಇರುವುದು ಮರ್ಯಾದೆಯಲ್ಲ ಅಂತ ಹೋದ ವರ್ಷವೇ ಯಾರಿಗೋ ಕೊಟ್ಟುಬಿಟ್ಟಿದ್ದಳು.

ಕೈಯಲ್ಲೇ ಆರಿಸುತ್ತಾ ಕೂತಳು. ಒಂದೊಂದೇ ಎಲೆ. ಬೆರಳು ಉಗುರಿನ ಬುಡದವರೆಗೂ ನೀಲಿಯಾದವು. ಅರ್ಧ ಬಕೆಟ್ ಆಗುವಾಗ ಫೋನ್ ಹೊಡೆದುಕೊಂಡಿತು. ಹಡಗು ಹೋದ ವಾರವೇ ಬಂದಿದೆ, ಯಂತ್ರ ಓಡುತ್ತಿಲ್ಲವೇನೋ. ನೀಲಿ ಕೈಯಲ್ಲೇ ಎತ್ತಿದಳು.

“ಮೊಯ್ಲಾನೆನ್.”

“ನಾನು, ಸೊಲಾಂಜ್.” ಹಿಂದೆ ಗುಂಯ್ ಅನ್ನುವ ಸದ್ದು, ಒಂದಲ್ಲ, ಸಾಲಿಗೆ ಸಾಲೇ. “ಕೇಳಿಸ್ತಿದ್ಯಾ? ಎಲ್ಲಾ ಓಡ್ತಿವೆ.”

“ಮತ್ತೆ? ಏನಾಯ್ತು?”

“ಏನೂ ಆಗಿಲ್ಲ. ಭಾನುವಾರ ಎತ್ತುತ್ತೀರಾ ಅಂತ ನೋಡಿದೆ, ತೂಲಿಕ್ಕಿ.”

ಅಯ್ಯೋ ನಿನ್ನ! ತೂಲಿಕ್ಕಿಗೆ ಬಾಯಿಗೆ ಬಂದದ್ದು ಬೈಗುಳವೇ. ನುಂಗಿಕೊಂಡು, “ಎತ್ತಿದ್ನಲ್ಲ,” ಅಂದಳು.

ಫೋನ್ ಕೆಳಗಿಟ್ಟಾಗ ಅದರ ಮೈಯೆಲ್ಲ ನೀಲಿ. ಬಲೆ ಬಿಡಿಸುತ್ತಿದ್ದ ತೌನೊ ತಲೆ ಎತ್ತಿದ. “ಯಾರಂತೆ? ಏನು ಬೇಕಂತೆ?”

“ನಾನು ಬೇಕಂತೆ,” ಅಂದಳು ತೂಲಿಕ್ಕಿ ರೇಗಿ. “ಬಾ ಇಲ್ಲಿ, ಕೂತ್ಕೊಂಡು ಎಲೆ ಆರಿಸು.”

ತೌನೊ ಬಲೆ ಬಿಟ್ಟು ಬಂದು ಪಕ್ಕದಲ್ಲಿ ಕೂತ.